ನಡುಗೆರೆಯ ಪುಟ್ಟಮಾದಯ್ಯ

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು "ಏನ್ ಕೆಲ್ಸ ಮಾಡ್ಕಂಡಿದ್ದೀರಿ?" ಎಂದು ಕೇಳಿದರೆ ಪುಟ್ಟಮಾದಯ್ಯನಿಗೆ ಅನ್ನ ಗಂಟಲಲ್ಲೇ ನಿಲ್ಲುತ್ತಿತ್ತು. ಮೇಷ್ಟ್ರಾಗಿದ್ದರೆ ಮೇಷ್ಟ್ರು ಅನ್ನಬಹುದು, ಬಸ್ಸು ಓಡಿಸುತ್ತಿದ್ದರೆ ಡ್ರೈವರ್ ಅನ್ನಬಹುದು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಹಗುರ ಇಟ್ಟಿಗೆ ಕಾರ್ಖಾನೆಯೊಂದರಲ್ಲಿ ದಿನವಿಡೀ ಗಾಜಿನ ಮೇಲೆ ಕೆಸರು ಸುರಿದು, ಅದು ಎಷ್ಟು ದೂರ ಹರಡುತ್ತದೆ ಎಂದು ನೋಡುತ್ತಾ ಕೂರುವವನು ತನ್ನನ್ನು ಏನೆಂದು ಕರೆದುಕೊಳ್ಳಬೇಕು? ಒಮ್ಮೆ "ಹರಡಾದ ನೋಡ್ತೀನಿ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದ. ಕೇಳಿದವರು ಸ್ವಲ್ಪ ಸರಿದು ಕೂತವರು ಮಜ್ಜಿಗೆ ಬರುವವರೆಗೂ ಇವನ ಕಡೆ ತಿರುಗಿರಲಿಲ್ಲ. ಅಂದಿನಿಂದ "ಫ್ಯಾಕ್ಟ್ರಿ" ಎಂದಷ್ಟೇ ಹೇಳಿ ಹಪ್ಪಳ ಮುರಿಯುತ್ತಿದ್ದ.

ಹೆಂಡತಿ ಚಿಕ್ಕಮಾದಮ್ಮನಿಗೆ ಈ ಸಂಕೋಚವೆಲ್ಲ ಇರಲಿಲ್ಲ. "ನಮ್ಮ ಮನೆಯೋರು ಬೂದಿ ದೋಸೆ ಉಯ್ತಾರೆ ಕಣವ್ವ. ತಿನ್ನಂಗಿಲ್ಲ, ಮಾರಂಗಿಲ್ಲ, ಬರೀ ಅಳ್ಯದು. ಅದಕ್ಕೆ ಸಂಬ್ಳ ಬೇರೆ ಕೊಡ್ತಾರೆ, ಪಾಪ," ಎಂದು ಬೀದಿಯ ನಲ್ಲಿಯ ಮುಂದೆ ನಿಂತು ಸಾರುತ್ತಿದ್ದಳು. ಪಾಪ ಯಾರು, ಇವನೋ ಸಂಬಳ ಕೊಡುವವರೋ, ಎನ್ನುವುದನ್ನು ಮಾತ್ರ ಬಿಡಿಸಿ ಹೇಳುತ್ತಿರಲಿಲ್ಲ.

ಅದು ನೋಡಲು ದೋಸೆಯಂತೆಯೇ ಇದ್ದದ್ದು ಪುಟ್ಟಮಾದಯ್ಯನ ದುರದೃಷ್ಟ. ಮೆಟ್ಟೂರಿನ ವಿದ್ಯುತ್ ಸ್ಥಾವರದಿಂದ ಲಾರಿಯಲ್ಲಿ ಬರುವ ಬೂದಿಗೆ ಸಿಮೆಂಟು, ಸುಣ್ಣ, ನೀರು ಸೇರಿಸಿ ದೊಡ್ಡ ಡ್ರಮ್ಮಿನಲ್ಲಿ ತಿರುವಿದರೆ ಸ್ಲರಿ ಎನ್ನುವ ಬೂದು ಬಣ್ಣದ ಹಿಟ್ಟಾಗುತ್ತದೆ. ಅಚ್ಚಿಗೆ ಸುರಿದರೆ ಅದು ಇಡ್ಲಿ ಹಿಟ್ಟಿನ ಹಾಗೆ ಉಬ್ಬಬೇಕು. ಉಬ್ಬಿದ್ದನ್ನು ತಂತಿಯಿಂದ ಕೊಯ್ದು ಆವಿಯಲ್ಲಿ ಬೇಯಿಸಿದರೆ ಇಟ್ಟಿಗೆ. ಹಿಟ್ಟು ತೆಳ್ಳಗಾಯಿತೋ, ಉಬ್ಬಿದ್ದು ನಡುವೆ ಕುಸಿದು ಕೂರುತ್ತದೆ. ಗಟ್ಟಿಯಾಯಿತೋ, ಉಬ್ಬಲಾರದೆ ಬಿರಿಯುತ್ತದೆ. ಹಾಗಾಗಿ ಸುರಿಯುವ ಮುಂಚೆ ಒಂದು ಮಗ್ಗು ಸ್ಲರಿ ಪುಟ್ಟಮಾದಯ್ಯನ ಮುಂದೆ ಬರಲೇಬೇಕು. ಅವನೆದುರು ಒಂದು ಗಾಜಿನ ಹಲಗೆ. ಅದರ ಮೇಲೆ ಒಂದರೊಳಗೊಂದು ಬರೆದ ಮೂರು ದುಂಡು ಗೆರೆ. ನಟ್ಟನಡುವೆ, ಲೋಟದಷ್ಟು ಎತ್ತರದ, ಎರಡೂ ಕಡೆ ಬಾಯಿ ಇರುವ ಪೈಪಿನ ತುಂಡು. ಪೈಪಿಗೆ ಸ್ಲರಿ ತುಂಬಿ, ಮೇಲೆ ಸವರಿ, ನೆಟ್ಟಗೆ ಎತ್ತಬೇಕು. ಒಳಗಿದ್ದದ್ದು ಕುಸಿದು, ಸುತ್ತ ಹರಡಿ, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಒಳಗೆರೆಯಲ್ಲೇ ನಿಂತರೆ ಗಟ್ಟಿ, ನೀರು ಬಿಡು. ಹೊರಗೆರೆ ದಾಟಿದರೆ ತೆಳು, ಬೂದಿ ಹಾಕು. ನಡುಗೆರೆಗೆ ಬಂದು ನಿಂತರೆ ಪುಟ್ಟಮಾದಯ್ಯ ಹೆಬ್ಬೆರಳು ಎತ್ತುತ್ತಾನೆ, ಸ್ಲರಿ ಅಚ್ಚಿಗೆ ಹೋಗುತ್ತದೆ.

ಪೈಪು ಎತ್ತುವಾಗ ಅವನು ಉಸಿರು ಹಿಡಿಯುತ್ತಿದ್ದ. ಹಿಡಿಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಿಡಿಯದಿದ್ದರೆ ಕೈ ಅಲ್ಲಾಡುತ್ತದೆ, ಕೈ ಅಲ್ಲಾಡಿದರೆ ವೃತ್ತ ಸೊಟ್ಟಗಾಗುತ್ತದೆ ಎನ್ನುವುದು ಅವನ ನಂಬಿಕೆ. ಸ್ಲರಿ ನಿಂತ ಮೇಲೆ ಅವನ ಎದೆಯಿಂದ ಹೊರಬೀಳುವ ಗಾಳಿಯ ಸದ್ದು ಕೇಳಿಯೇ ಮಿಕ್ಸರಿನವನು ಅರ್ಧ ಫಲಿತಾಂಶ ತಿಳಿದುಕೊಳ್ಳುತ್ತಿದ್ದ.

ಈ ಕೆಲಸಕ್ಕೆ ಅವನನ್ನು ಯಾರೂ ಆರಿಸಿದ್ದಲ್ಲ. ಗಾರೆ ಕಲಸುವ ಕೂಲಿಯಾಗಿದ್ದವನು ಕಾರ್ಖಾನೆಗೆ ಚೀಲ ಹೊರಲು ಸೇರಿದ್ದ. ಗಾಜಿನ ಮುಂದೆ ಕೂರುತ್ತಿದ್ದವನು ಒಂದು ದಿನ "ಈ ಪೈಪ್ ಇಡ್ಕಂಡಿರು, ಬಂದೆ" ಎಂದು ಎದ್ದು ಹೋದ. ಹೋದದ್ದು ತಿರುಪ್ಪೂರಿಗೆ ಎಂದು ಆಮೇಲೆ ತಿಳಿಯಿತು. ಪುಟ್ಟಮಾದಯ್ಯ ಪೈಪು ಹಿಡಿದುಕೊಂಡೇ ಇದ್ದ. ಮಗಳು ಕುಸುಮ ಬೆಳೆದು ದೊಡ್ಡವಳಾಗುವ ತನಕ ಹಿಡಿದುಕೊಂಡಿದ್ದ.

ಆ ಕುಸುಮನ ಮದುವೆಯ ಹೊತ್ತಿನಲ್ಲೇ ಒಂದು ಎಡವಟ್ಟಾಯಿತು. ಯಳಂದೂರಿನ ಬೀಗರು ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ, ಇವನು ಮನೆಗೆ ಓಡಬೇಕು. ಮಗ್ಗಿನಲ್ಲಿದ್ದ ಸ್ಲರಿಯನ್ನು ಒಮ್ಮೆ ಓರೆಯಾಗಿ ನೋಡಿ, ಇಷ್ಟು ವರ್ಷ ನೋಡಿದ ಕಣ್ಣು, ಅದಕ್ಕೇ ಗೊತ್ತಾಗುತ್ತದೆ ಎಂದುಕೊಂಡು, ಪೈಪು ಮುಟ್ಟದೆಯೇ ಹೆಬ್ಬೆರಳು ಎತ್ತಿ ಹೊರಟುಬಿಟ್ಟ. ಮಾರನೆಯ ದಿನ ಬಂದರೆ ಅಚ್ಚುಗಳಲ್ಲೆಲ್ಲ ಇಟ್ಟಿಗೆ ಮಳೆಗೆ ಸಿಕ್ಕ ಹಿಟ್ಟಿನ ಗುಡ್ಡೆಯ ಹಾಗೆ ನಡು ಬಿದ್ದು ಕೂತಿತ್ತು. ಸೂಪರ್‌ವೈಸರ್ ಸದಾಶಿವಪ್ಪ ಬೈಯಲಿಲ್ಲ. ಕುಸಿದ ತುಂಡೊಂದನ್ನು ತಂದು ಗಾಜಿನ ಪಕ್ಕದಲ್ಲಿಟ್ಟ.

"ಇದ್ ನಿನ್ ಕಣ್ಣು ಮಾಡಿದ್ದು ಮಾದಯ್ಯ. ಇಲ್ಲೇ ಇರ್ಲಿ, ನಿಂಗೆ ಜೊತೆಗೆ."

ಆ ತುಂಡು ಅಲ್ಲೇ ಉಳಿಯಿತು. ಆವತ್ತಿನಿಂದ ಪುಟ್ಟಮಾದಯ್ಯ ತನ್ನ ಕಣ್ಣಿನ ಮಾತನ್ನು ಕೇಳುವುದನ್ನೇ ಬಿಟ್ಟ. ಸಾರಿಗೆ ಉಪ್ಪು ಸಾಕೋ ಎಂದು ಹೆಂಡತಿ ಕೇಳಿದರೂ "ಅಳತೆ ಏನದೆ?" ಎನ್ನುತ್ತಿದ್ದ. "ನನ್ ಕೈಯೇ ಅಳತೆ, ಮುಚ್ಕಂಡ್ ಉಣ್ಣಿ" ಎನ್ನುತ್ತಿದ್ದಳು ಚಿಕ್ಕಮಾದಮ್ಮ.

ಮನೆಯಲ್ಲಿ ಇವನು ಪುಟ್ಟ, ಅವಳು ಚಿಕ್ಕ. ಆ ಬೀದಿಯಲ್ಲಿ ದೊಡ್ಡದು ಎನ್ನುವುದೇನಾದರೂ ಇದ್ದರೆ ಎದುರು ಮನೆಯ ಅವನ ಅಕ್ಕ ದೊಡ್ಡಬಸಮ್ಮ ಮಾತ್ರ, ಹೆಸರಿನಲ್ಲೂ ದನಿಯಲ್ಲೂ. ಅವಳಿಗೂ ಚಿಕ್ಕಮಾದಮ್ಮನಿಗೂ ಜಗಳ ಬೀಳದ ದಿನ ಬೀದಿಯವರು ಯಾರಿಗೋ ಹುಷಾರಿಲ್ಲ ಎಂದುಕೊಳ್ಳುತ್ತಿದ್ದರು.

ಚಿಕ್ಕಮಾದಮ್ಮ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಕೆಲಸ ಮಾಡಿದವಳು. ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ರಾಟೆಗೆ ಕೊಡುವ ಕೆಲಸ. ಬೆರಳುಗಳು ಸದಾ ನೆನೆದು ಸುಕ್ಕಾಗಿರುತ್ತಿದ್ದವು. ಬೆಂದ ಹುಳುವಿನ ವಾಸನೆ ಮೂಗಿನಿಂದ ತೊಲಗಬೇಕಾದರೆ ಕಾಪಿಯೇ ಆಗಬೇಕು ಎನ್ನುವುದು ಅವಳ ಸಿದ್ಧಾಂತ. ಕಾಪಿ ಎಂದರೆ ಮನೆಯದ್ದಲ್ಲ, ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನದು. ಅದೂ ಎಲ್ಲರೂ ಕುಡಿಯುವಂಥ ಗಟ್ಟಿ ಕಾಪಿಯಲ್ಲ. "ನೀರಂಗಿರ್ಬೇಕು. ಗಂಟ್ಲಲ್ಲಿ ಎಲ್ಲೂ ನಿಲ್ದೆ ಸುಟ್ಕಂಡು ಸರ್ರಂತ ಓಗ್ಬೇಕು," ಎಂದು ಅಲ್ಲಿನ ಸರ್ವರ್‌ಗೆ ಹೇಳಿ ಮಾಡಿಸುತ್ತಿದ್ದಳು. ವಾರದ ರಜೆಯ ದಿನ ಗಂಡಹೆಂಡಿರಿಬ್ಬರೂ ಆ ಹೋಟೆಲಿನ ಮೂಲೆಯ ಬೆಂಚಿಗೆ ಹೋಗಿ ಕೂರುವುದು ವಾಡಿಕೆ. ಅವಳು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಎತ್ತಿ ಸುರಿಯುವಳು. ಇವನು ಆ ಬಟ್ಟಲೊಳಗೆ ಇಣುಕಿ, "ಇದ ನನ್ ಗಾಜಿನ ಮೇಲೆ ಉಯ್ದರೆ ಮೂರು ಗೆರೇನೂ ದಾಟಿ ಹನೂರು ರೋಡಿಗೆ ಓಯ್ತದೆ" ಎನ್ನುವನು. ಮದುವೆಯಾದಾಗಿನಿಂದ ಅವನಿಗೆ ಹೊಳೆದದ್ದು ಅದೊಂದೇ ತಮಾಷೆ. ಅವಳು ಪ್ರತಿ ಸಲವೂ ಹೊಸದಾಗಿ ಕೇಳಿದವಳ ಹಾಗೆ ನಗುತ್ತಿದ್ದಳು.

ಒಂದು ಬೆಳಿಗ್ಗೆ ನಲ್ಲಿಯ ಮುಂದೆ ಅವಳ ಬಲಗೈಯಿಂದ ಬಿಂದಿಗೆ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ದೊಡ್ಡಬಸಮ್ಮನೇ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಆಟೋದಲ್ಲಿ ಕೂತಳು. ಕೊಳ್ಳೇಗಾಲದಲ್ಲಿ ನೋಡಿದವರು ಮೈಸೂರಿಗೆ ಕಳಿಸಿದರು.

ಮೈಸೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗಡೆ ಬಿದ್ದುಹೋದದ್ದು ಅರ್ಧಂಬರ್ಧ ಎದ್ದಿತು. ಗಂಟಲು ಮಾತ್ರ ಹಟ ಹಿಡಿಯಿತು. ನುಂಗುವುದನ್ನು ಹೇಳಿಕೊಡುವ ಮೇಡಂ ಒಬ್ಬಳು ಪುಟ್ಟಮಾದಯ್ಯನನ್ನು ಕೂರಿಸಿಕೊಂಡು ತಿಳಿಸಿ ಹೇಳಿದಳು.

"ನೀರು, ಕಾಫಿ, ಮಜ್ಜಿಗೆ, ತೆಳ್ಳಗಿರೋದು ಯಾವುದೂ ಕೊಡಬೇಡಿ. ಉಸಿರಿನ ಕೊಳವೆಗೆ ಬಾಗಿಲು ಹಾಕಿಕೊಳ್ಳೋ ಶಕ್ತಿ ಇವರ ಗಂಟಲಿಗೆ ಕಮ್ಮಿ ಆಗಿದೆ. ತೆಳ್ಳಗಿದ್ರೆ ಬಾಗಿಲು ಮುಚ್ಚೋ ಮೊದಲೇ ನುಗ್ಗಿ ಶ್ವಾಸಕೋಶಕ್ಕೆ ಹೋಗುತ್ತೆ. ಎಲ್ಲಾನೂ ಗಟ್ಟಿ ಅಂಬಲಿ ಹದಕ್ಕೆ ಮಾಡಿ ಕೊಡಿ. ನೀರಿಗೂ ಅಕ್ಕಿಹಿಟ್ಟು ಹಾಕಿ ಕಾಯಿಸಿ. ಚಮಚ ಬಗ್ಗಿಸಿದರೆ ನಿಧಾನಕ್ಕೆ ಬೀಳಬೇಕು."

"ನಿಧಾನ ಅಂದ್ರೆ ಎಷ್ಟು ಮೇಡಂ?"

"ನೋಡಿದರೆ ಗೊತ್ತಾಗುತ್ತೆ."

"ನನ್ ಕಣ್ಣು ಸರಿಯಿಲ್ಲ ಮೇಡಂ," ಎಂದ ಪುಟ್ಟಮಾದಯ್ಯ. ಆಕೆ ಕಣ್ಣಿನ ವಿಭಾಗ ಎರಡನೇ ಮಹಡಿಯಲ್ಲಿದೆ ಎಂದಳು. ಆಮೇಲೆ ಅವನು ತನ್ನ ಕೆಲಸ ಏನೆಂದು, ಯಾವ ಬೀಗರ ಮುಂದೆಯೂ ಹೇಳಿಕೊಳ್ಳದಷ್ಟು ವಿವರವಾಗಿ ಹೇಳಿದ. ಆಕೆ ನಗಲಿಲ್ಲ. ಮುಂದಿನ ಸಲ ಬರುವಾಗ ನಿಮ್ಮ ಗಾಜು, ಪೈಪು ತಗೊಂಡು ಬನ್ನಿ ಎಂದಳು.

ಸದಾಶಿವಪ್ಪ ಹಳೆಯದೊಂದು ಗಾಜಿನ ಹಲಗೆ ಕೊಟ್ಟ. ಪೈಪನ್ನು ತಾನೇ ಕೊಯ್ದು ಅಂಚು ತಿಕ್ಕಿಕೊಟ್ಟ. ಪುಟ್ಟಮಾದಯ್ಯ ಅವನ್ನು ಟವಲಿನಲ್ಲಿ ಸುತ್ತಿ, ಎಳೆಮಗುವನ್ನು ಹಿಡಿದಂತೆ ಎದೆಗೆ ಒತ್ತಿಕೊಂಡು ಮೈಸೂರಿನ ಬಸ್ಸಿನಲ್ಲಿ ನಿಂತೇ ಹೋದ. ಮೇಡಂ ತಾನೇ ಅಂಬಲಿ ಕಲಸಿ ಕೊಟ್ಟಳು. ಇವನು ಪೈಪಿಗೆ ತುಂಬಿ, ಉಸಿರು ಹಿಡಿದು ಎತ್ತಿದ. ಅಂಬಲಿ ಹರಡಿ ನಿಂತಲ್ಲಿ, ಜೊತೆಗೆ ಬಂದಿದ್ದ ಕುಸುಮನ ಉಗುರುಬಣ್ಣದಿಂದ ಒಂದು ಗೆರೆ ಬರೆದ. ಇನ್ನೂ ಸ್ವಲ್ಪ ತೆಳ್ಳಗೆ ಕಲಸಿ ಎರಡನೆಯದು, ಇನ್ನೂ ತೆಳ್ಳಗೆ ಮೂರನೆಯದು.

"ಈಗ ಒಳಗಿನ ಗೆರೆ ದಾಟಬೇಡಿ. ಗಂಟಲು ಸುಧಾರಿಸಿದ ಹಾಗೆ ನಾನು ನೋಡಿ ಹೇಳ್ತೀನಿ, ಒಂದೊಂದೇ ಗೆರೆ ಹೊರಗೆ ಹೋಗೋಣ."

"ಮೂರ್ನೇದೂ ದಾಟಿದ್ರೆ ಮೇಡಂ?"

"ದಾಟಿದರೆ ಕಾಫಿ ಕುಡೀಬಹುದು."

ಮಂಚದ ಮೇಲಿದ್ದ ಚಿಕ್ಕಮಾದಮ್ಮ ಅಲ್ಲಿಯವರೆಗೆ ಬರೀ ಗೊಣಗುಟ್ಟಿದವಳು. ಸೊಟ್ಟ ಬಾಯಿಂದ ಅವಳ ಮೊದಲ ಮಾತು ಬಿಡಿಸಿಕೊಂಡು ಹೊರಬಂತು. ಗಂಡನ ಹೆಸರಲ್ಲ, ಮಗಳ ಹೆಸರಲ್ಲ, ಮನೆದೇವರು ಮಾದಪ್ಪನ ಹೆಸರೂ ಅಲ್ಲ.

"ಕಾಪಿ," ಎಂದಳು.

ಮನೆಗೆ ಬಂದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಗಾಜು ಕೂತಿತು. ನೋಡಲು ಬಂದ ಹೆಂಗಸರು ರೋಗಿಯನ್ನು ಬಿಟ್ಟು ಗಾಜನ್ನು ನೋಡಿಕೊಂಡು ಹೋದರು. ಹೆಂಡತಿಗೆ ಗಂಜಿ ಕುಡಿಸಲು ಇಂಜಿನಿಯರ್ ಬೇಕೇನೋ ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಪುಟ್ಟಮಾದಯ್ಯ ಸೊಪ್ಪು ಹಾಕಲಿಲ್ಲ. ಅಂಬಲಿ ಬಿಸಿಯಿದ್ದಾಗ ಒಂದು ಕಡೆ ನಿಲ್ಲುತ್ತದೆ, ಆರಿದರೆ ಇನ್ನೊಂದು ಕಡೆ ನಿಲ್ಲುತ್ತದೆ ಎನ್ನುವುದು ಅವನಿಗೆ ಕೆಲವು ಪಾತ್ರೆ ಅಂಬಲಿ ಹಾಳಾದ ಮೇಲೆ ತಿಳಿಯಿತು. ಹಾಳಾದದ್ದನ್ನೆಲ್ಲ ತಾನೇ ಕುಡಿದ. ಹೆಂಡತಿ ಸೊರಗುತ್ತಿದ್ದ ಮನೆಯಲ್ಲಿ ಗಂಡ ಮೈಗೂಡಿಕೊಂಡದ್ದು ನೋಡಿ ಬೀದಿಯವರಿಗೆ ಇನ್ನೊಂದು ಮಾತು ಸಿಕ್ಕಿತು.

ಚಿಕ್ಕಮಾದಮ್ಮನ ಮಾತು ಮರಳಿದ್ದೇ ತಡ, ಗಟ್ಟಿ ನೀರಿನ ಮೇಲೆ ಹರಿಹಾಯ್ದಳು. ಅಕ್ಷರಗಳು ನಾಲಿಗೆಯಲ್ಲಿ ಜಾರುತ್ತಿದ್ದರೂ ಮೊನೆ ಮೊಂಡಾಗಿರಲಿಲ್ಲ.

"ಅಂಟು ಕುಡಿಸ್ತೀರಲ್ಲ, ನನ್ ಒಟ್ಟೇಲಿ ಯಾವ್ ಪಿಚ್ಚರ್ ಪೋಸ್ಟ್ರು ಅಂಟಿಸ್ಬೇಕು ಅಂತಿದ್ದೀರಿ?"

"ನೀರು ಕಣೆ ಅದು. ಅಕ್ಕಿಹಿಟ್ಟು ಹಾಕಿದ್ದೀನಿ ಅಷ್ಟೆಯ."

"ನೀರ ಕುಡೀತಾರೆ. ಇದ ಬಳ್ಕಬೇಕು, ಗೋಡೆಗೆ."

ಒಂದು ಸಲ ಕಾಪಿಗೇ ಹಿಟ್ಟು ಹಾಕಿ, ಹದ ಮಾಡಿ, ಸ್ಟೀಲ್ ಲೋಟದಲ್ಲಿ ತಂದುಕೊಟ್ಟ. ಅವಳು ಎಡಗೈಯಿಂದ ಲೋಟ ಬಗ್ಗಿಸಿದಳು. ಕಾಪಿ ಬಗ್ಗಲಿಲ್ಲ. ಬೈಯದೆ, ಲೋಟವನ್ನು ಪಕ್ಕಕ್ಕೆ ಇಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ವಾಸಿಯಿತ್ತು ಎನಿಸಿತು ಅವನಿಗೆ. ಆಮೇಲೆ ಅವನು ಕಾಪಿಯ ತಂಟೆಗೆ ಹೋಗಲಿಲ್ಲ. ತಾನೂ ಕುಡಿಯುವುದನ್ನು ಬಿಟ್ಟ. ಅವಳ ಮೂಗಿಗೆ ವಾಸನೆ ಬಡಿಯುತ್ತದಲ್ಲ ಎಂದು.

"ಒಂದ್ ಗುಕ್ಕು ಕೊಡಿ. ತೆಳ್ಳಗಿರೋದು ಒಂದೇ ಒಂದ್ ಗುಕ್ಕು," ಎಂದು ಒಮ್ಮೊಮ್ಮೆ ಕೇಳುವಳು.

"ಮೂರ್ನೇ ಗೆರೆ ದಾಟ್ಲಿ. ನಾನೇ ಓಟ್ಲಿಗೆ ಕರ್ಕಂಡ್ ಓಯ್ತೀನಿ. ಅದೇ ಮೂಲೆ ಬೆಂಚು."

"ಅಷ್ಟೊತ್ಗೆ ಆ ಬೆಂಚು ಮುರ್ದೋಗಿರ್ತದೆ."

"ಒಸ ಬೆಂಚು ಆಕಿರ್ತಾರೆ."

ಅವನು ಶಿಫ್ಟಿಗೆ ಹೋದಾಗ ದೊಡ್ಡಬಸಮ್ಮ ಬಂದು ಕೂರುತ್ತಿದ್ದಳು. ಗಾಜು ಪೈಪುಗಳ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಹೆತ್ತು ಸಾಕಿದವಳು, ಎಷ್ಟು ಜನಕ್ಕೆ ಗಂಜಿ ಕಾಯಿಸಿದವಳು. ಬೇಸಿಗೆಯ ಒಂದು ಮಧ್ಯಾಹ್ನ ಅವಳಿಗೆ ಕರುಳು ಚುರುಕ್ ಎಂದಿತು. ತಮ್ಮನ ಹೆಂಡತಿಯ ಒಣಗಿದ ತುಟಿ ನೋಡಿ, ಒಂದು ಲೋಟ ನೀರು ಮಜ್ಜಿಗೆಗೆ ಇಂಗು ಕರಿಬೇವು ಹಾಕಿ ಕೊಟ್ಟುಬಿಟ್ಟಳು. ಚಿಕ್ಕಮಾದಮ್ಮ ಎರಡು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡಳು. ಆ ಸುಖದ ಮುಖವನ್ನು ದೊಡ್ಡಬಸಮ್ಮ ನೋಡಿದ್ದು ಅಷ್ಟೇ ಹೊತ್ತು. ಮೂರನೆಯ ಗುಟುಕಿಗೆ ಕೆಮ್ಮು ಹಿಡಿಯಿತು. ಸಂಜೆಗೆ ಮೈ ಕಾದಿತು. ಮತ್ತೆ ಮೈಸೂರು, ಮತ್ತೆ ಮೂಗಿಗೆ ಗಾಳಿಯ ಕೊಳವೆ. ಎದೆಯಲ್ಲಿ ಕಫ ಕಟ್ಟಿದೆ, ಬದುಕಿದ್ದೇ ಹೆಚ್ಚು ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಪುಟ್ಟಮಾದಯ್ಯ ಅಕ್ಕನಿಗೆ ಹುಟ್ಟಿದಾಗಿನಿಂದ ಆಡದ ಮಾತಾಡಿದ.

"ನಿನ್ ಕೈಯಾರ ಅವಳ ಕೊಲ್ತಿದ್ದೆ ಅಕ್ಕ."

ಎದುರು ಮಾತಾಡದೆ ಒಂದು ಹೊತ್ತು ಕಳೆಯದ ದೊಡ್ಡಬಸಮ್ಮ ಆವತ್ತು ತಲೆ ಬಗ್ಗಿಸಿ, "ಇನ್ ಮ್ಯಾಲೆ ನೀನ್ ಅಳ್ದು ಕೊಡದೆ ಒಂದ್ ತೊಟ್ಟೂ ಕೊಡಾಕಿಲ್ಲ ಕಣ್ಲಾ. ಮಾದಪ್ಪನಾಣೆ," ಎಂದಳು.

ಆಣೆಯನ್ನು ಅವಳು ಉಳಿಸಿಕೊಂಡಳು. ಅವನು ಶಿಫ್ಟಿಗೆ ಹೋಗುವ ಮುಂಚೆ ಅಳೆದಿಟ್ಟ ಡಬ್ಬಿಗಳಿಂದಲ್ಲದೆ ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಚಿಕ್ಕಮಾದಮ್ಮ ಎಷ್ಟು ಪುಸಲಾಯಿಸಿದರೂ, "ನಿನ್ ಗಂಡನ್ನೇ ಕೇಳವ್ವ, ನಂಗ್ಯಾಕೆ" ಎನ್ನುವಳು. ಜಗಳವೂ ನಿಂತುಹೋಗಿತ್ತು. ಬೀದಿ ಬಿಕೋ ಎನ್ನುತ್ತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಒಳ್ಳೆಯ ಸುದ್ದಿ ಬಂತು. ಮೇಡಂ ಗಂಟಲು ನೋಡಿ, "ನಡುಗೆರೆಗೆ ಬನ್ನಿ" ಎಂದಳು. ಪುಟ್ಟಮಾದಯ್ಯ ಮೈಸೂರಿನಿಂದ ಕೊಳ್ಳೇಗಾಲದ ತನಕ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ತಾನು ಮಾಡುವ ಕೆಲಸ ಏನೆಂದು ಹೇಳಿಕೊಂಡು ಬಂದ. ಆವತ್ತಿನ ಅಂಬಲಿ ಪೈಪಿನಿಂದ ಇಳಿದು, ಒಳಗೆರೆಯನ್ನು ದಾಟಿ, ಮೆಲ್ಲಗೆ ನಡುಗೆರೆಗೆ ಬಂದು ನಿಂತಾಗ ಗಾಜನ್ನೇ ಎತ್ತಿ ಮಂಚದ ಹತ್ತಿರ ತಂದು ತೋರಿಸಿದ.

"ಇನ್ನೊಂದೇ ಗೆರೆ ಕಣೆ."

"ಬೆಂಚು ನೋಡ್ಕ ಬಂದ್ರಾ? ಅದಾ?"

"ಅದೆ. ಒಂದ್ ಕಾಲು ಅಲ್ಲಾಡ್ತದೆ."

"ಅಲ್ಲಾಡ್ಲಿ. ನಂದೂ ಅಲ್ಲಾಡ್ತದೆ," ಎಂದು ಅವಳು ನಕ್ಕಳು. ಬಾಯಿಯ ಒಂದು ಕಡೆ ಮಾತ್ರ ನಕ್ಕಿತು.

ಆ ಇನ್ನೊಂದು ಗೆರೆ ಬರಲಿಲ್ಲ. ಅವರೆಕಾಯಿ ಕಾಲದಲ್ಲಿ ಎರಡನೆಯ ಸಲ ಲಕ್ವ ಹೊಡೆಯಿತು. ಈ ಸಲ ಆಸ್ಪತ್ರೆಯವರು ಹೆಚ್ಚು ಮಾತಾಡಲಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಹತ್ತಿರದವರು ಬರುವುದಿದ್ದರೆ ಬರಲಿ ಎಂದರು. ಕುಸುಮ ಯಳಂದೂರಿನಿಂದ ಬಂದಳು. ಬೆಳಗಿನ ಬಿಸಿಲು ನಡುಮನೆಗೆ ಬಿದ್ದಿತ್ತು. ಚಿಕ್ಕಮಾದಮ್ಮನ ಕಣ್ಣು ಅರ್ಧ ತೆರೆದಿತ್ತು. ಗಂಟಲಲ್ಲಿ ಗೊರಗೊರ ಸದ್ದು, ಮನೆಯ ಮೂಲೆಮೂಲೆಗೂ ಕೇಳುತ್ತಿತ್ತು.

ಹೋಗುವ ಜೀವದ ಬಾಯಿಗೆ ನೀರು ಬಿಡಬೇಕು. ಗಂಡನಿದ್ದರೆ ಮೊದಲು ಗಂಡ, ಆಮೇಲೆ ಮಕ್ಕಳು, ಆಮೇಲೆ ಉಳಿದವರು. ಇದನ್ನು ಆ ಕಡೆಯ ಯಾವ ಮನೆಯಲ್ಲೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ದೊಡ್ಡಬಸಮ್ಮ ಚೊಂಬಿನಲ್ಲಿ ನೀರು ತಂದು, ತುಳಸಿಯ ಎಸಳು ಹಾಕಿ, ಚಮಚವನ್ನು ತಮ್ಮನ ಕೈಗೆ ಕೊಟ್ಟಳು.

"ಬುಡ್ಲಾ ಮಾದ. ನೀನೇ ಮೊದ್ಲು."

ಪುಟ್ಟಮಾದಯ್ಯ ಚಮಚದಲ್ಲಿದ್ದ ನೀರನ್ನು ನೋಡಿದ. ಅದು ಅಂಚಿನಿಂದ ಅಂಚಿಗೆ ಓಡಾಡುತ್ತಿತ್ತು.

"ಇದು ತೆಳ್ಳಗದೆ ಅಕ್ಕ."

"ನೀರು ಕಣ್ಲಾ ಅದು."

"ಅದಕ್ಕೇ ಏಳ್ತಿರೋದು. ಎ‌ದೆಗೆ ನುಗ್ತದೆ. ಆಗ್ಲೇ ಎಂಗ್ ಗೊರಗೊರ ಅಂತದೆ ನೋಡು. ಒಂದ್ ಚಣ ಇರಿ, ಹದ ಮಾಡ್ಕ ಬತ್ತೀನಿ. ಅಲ್ಲೀಗಂಟ ಯಾರೂ ಏನೂ ಕೊಡ್ಬ್ಯಾಡಿ."

"ಅಪ್ಪ, ಈಗ್ಯಾಕಪ್ಪ..." ಎಂದು ಕುಸುಮ ಶುರು ಮಾಡಿದ ಮಾತು ಮುಗಿಯಲಿಲ್ಲ. ಅವನು ಚೊಂಬು ತೆಗೆದುಕೊಂಡು ಅಡುಗೆಮನೆಗೆ ಹೋಗಿಯಾಗಿತ್ತು.

ಒಲೆ ಹಚ್ಚಿ, ತುಳಸಿ ತೆಗೆದಿಟ್ಟು, ನೀರಿಗೆ ಅಕ್ಕಿಹಿಟ್ಟು ಕದಡಿ ತಿರುವಿದ. ಗಾಜು ಒರೆಸಿ ಪೈಪಿಗೆ ಹುಯ್ದು ಎತ್ತಿದ. ನಡುಗೆರೆ ದಾಟಿ ಓಡಿತು. ಗಾಜು ತೊಳೆದ. ಇನ್ನಷ್ಟು ಹಿಟ್ಟು ಹಾಕಿದ. ಈ ಸಲ ಒಳಗೆರೆಯಲ್ಲೇ ನಿಂತುಬಿಟ್ಟಿತು. ಅದನ್ನೇ ಕೊಡಬಹುದಿತ್ತು. ಗಟ್ಟಿಯಾದರೆ ಮೋಸವಿಲ್ಲ ಎಂದು ಮೇಡಮ್ಮೇ ಹೇಳಿದ್ದಳು. ಆದರೆ ಅವಳಿಗೆ ಅಂಟು ಎಂದರೆ ಆಗುವುದಿಲ್ಲ. ಎಷ್ಟು ತಿಂಗಳು ಕೆಮ್ಮಿ, ಗಂಟಲು ಪಳಗಿಸಿ, ನಡುಗೆರೆಯನ್ನು ಸಂಪಾದಿಸಿದವಳು ಅವಳು. ಈ ಹೊತ್ತಿನಲ್ಲಿ ಅವಳನ್ನು ಮತ್ತೆ ಒಳಗೆರೆಗೆ ಎಳೆದು ಕೂರಿಸಲು ಅವನಿಗೆ ಮನಸ್ಸು ಬರಲಿಲ್ಲ. ಒಂದೆರಡು ಚಮಚ ನೀರು ಬೆರೆಸಿದ. ಆರಲೆಂದು ಪಾತ್ರೆಯನ್ನು ತಣ್ಣೀರಿನಲ್ಲಿ ಆಡಿಸಿದ. ಗಾಜು ಒರೆಸಿದ. ಪೈಪು ತುಂಬಿದ. ಸವರಿದ. ಉಸಿರು ಹಿಡಿದು ನೆಟ್ಟಗೆ ಎತ್ತಿದ.

ಸೊಟ್ಟವಿಲ್ಲ, ಮುರಿದಿಲ್ಲ. ಚಂದ್ರನ ಹಾಗೆ ದುಂಡಗೆ ಹರಡಿ, ಉಗುರುಬಣ್ಣದ ನಡುಗೆರೆಯನ್ನು ಮುಟ್ಟಿ ನಿಂತಿತು. ಪುಟ್ಟಮಾದಯ್ಯ ಉಸಿರು ಬಿಟ್ಟ.

ಬಿಟ್ಟ ಮೇಲೆ, ಮನೆಯಲ್ಲಿ ಕೇಳಿಸುತ್ತಿರುವುದು ತನ್ನ ಉಸಿರೊಂದೇ ಎಂದು ಅವನಿಗೆ ಗೊತ್ತಾಯಿತು. ಗೊರಗೊರ ನಿಂತಿತ್ತು.

ಬಟ್ಟಲು ಹಿಡಿದು ನಡುಮನೆಗೆ ಬಂದ. ಕುಸುಮ ತಾಯಿಯ ಕಾಲ ಮೇಲೆ ತಲೆಯಿಟ್ಟಿದ್ದಳು. ದೊಡ್ಡಬಸಮ್ಮ ಗೋಡೆಗೊರಗಿ ಕೂತಿದ್ದಳು.

"ಯಾರು ಬುಟ್ರಿ ನೀರ?" ಎಂದು ಕೇಳಿದ.

ಅಕ್ಕನ ಕಡೆ ತಿರುಗಿದ.

"ಅಕ್ಕ, ನೀನಾರ ಬುಟ್ಟಾ?"

"ಕುಸುಮ ಬುಡ್ತೀನಿ ಅಂತ ಎದ್ಲು. ನಾನೇ ಕೈ ಇಡ್ದು ಕೂರಿಸ್ದೆ." ದೊಡ್ಡಬಸಮ್ಮನ ದೊಡ್ಡ ದನಿ ಎಲ್ಲಿಗೆ ಹೋಯಿತೋ, ಕಿವಿಗೊಟ್ಟು ಕೇಳಬೇಕಾಗಿತ್ತು. "ಅವತ್ತು ನಿನ್ ಮಾತ ಮೀರಿ ಮಜ್ಗೆ ಕೊಟ್ಟೆ. ಇವತ್ತು ಮೀರ್ನಿಲ್ಲ ಕಣ್ಲಾ."

ಅವನು ಮಂಚದ ಪಕ್ಕ ಕೂತು, ಚಮಚದಲ್ಲಿ ಒಂದಿಷ್ಟು ತೆಗೆದು ಅವಳ ತುಟಿಯ ಮೇಲೆ ಇಟ್ಟ. ಅದು ಒಳಗೂ ಹೋಗಲಿಲ್ಲ, ಹೊರಗೂ ಸುರಿಯಲಿಲ್ಲ. ಇಟ್ಟಲ್ಲೇ ನಿಂತಿತು. ಹದ ಸರಿಯಾಗಿತ್ತು.

ಒಡೆಯರಪಾಳ್ಯದ ಆಚೆ, ಅವನು ಹುಟ್ಟಿದ ಊರಿನಲ್ಲಿದ್ದ ತುಂಡು ಹೊಲದ ಬದುವಿನಲ್ಲಿ ಅವಳನ್ನು ಮಣ್ಣು ಮಾಡಿದರು. ಸದಾಶಿವಪ್ಪ ಬಂದಿದ್ದ. ಹತ್ತಿರ ಬಂದು, ಪುಟ್ಟಮಾದಯ್ಯನ ಕೈಗೆ ಮೆತ್ತಿದ್ದ ಮಣ್ಣನ್ನು ತನ್ನ ಕರ್ಚೀಫಿನಿಂದ ಒರೆಸಿ ಹೋದ.

ಸಮಾಧಿಗೆ ಹಾಲುತುಪ್ಪ ಬಿಡುವ ಶಾಸ್ತ್ರಕ್ಕೆ ದೊಡ್ಡಬಸಮ್ಮ, ಕುಸುಮ ಎಲ್ಲರೂ ಹಿಂದಿನ ದಿನವೇ ಊರು ಸೇರಿದ್ದರು. ಪುಟ್ಟಮಾದಯ್ಯ ಮಾತ್ರ ಬೆಳಗಿನ ಬಸ್ಸಿಗೆ ಬರುತ್ತೇನೆಂದು ಕೊಳ್ಳೇಗಾಲದಲ್ಲೇ ಉಳಿದಿದ್ದ. ಎದ್ದವನೇ ಫ್ಲಾಸ್ಕು ಹಿಡಿದು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ಹೋದ. ಮೂಲೆಯ ಬೆಂಚಿನ ಮೇಲೆ ಯಾರೋ ಇಡ್ಲಿ ತಿನ್ನುತ್ತಿದ್ದರು.

"ಏನ್ ಮಾದಣ್ಣ, ಕಾಣಿಸ್ಲೇ ಇಲ್ಲ," ಎಂದ ಸರ್ವರು. "ಅಕ್ಕಾರು ಗುಣ ಆದ್ರಾ? ಅದೇ ನೀರ್ ಕಾಪೀನಾ, ಇಲ್ಲ ಈಗ ಗಟ್ಟಿಗ್ ಕುಡೀತಾರಾ?"

"ನೀರಂಗೇ ಇರ್ಲಿ," ಎಂದ ಪುಟ್ಟಮಾದಯ್ಯ.

ಹನೂರಿನಲ್ಲಿ ಬಸ್ಸು ಬದಲಾಯಿಸಿ, ಫ್ಲಾಸ್ಕನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತ. ಪಕ್ಕದಲ್ಲಿದ್ದ, ಒಡೆಯರಪಾಳ್ಯದ ಕ್ಯಾಂಪಿನ ಟಿಬೆಟಿನ ಮುದುಕಿ ಅದನ್ನು ನೋಡಿ, ತನ್ನ ಚೀಲ ಸರಿಸಿ ಜಾಗ ಮಾಡಿಕೊಟ್ಟಳು. ಅವನು ಇಡಲಿಲ್ಲ.

ಹೊಲದ ಬದುವಿನಲ್ಲಿ ದೊಡ್ಡಬಸಮ್ಮ ಗುಡ್ಡೆಯ ಮೇಲೆ ಹಾಲು ಬಿಟ್ಟಳು, ತುಪ್ಪ ಬಿಟ್ಟಳು, ಕುಸುಮನ ಕೈಯಿಂದ ಬಿಡಿಸಿದಳು. ಎಡೆ ಇಟ್ಟರು. ಆಮೇಲೆ ಎಲ್ಲರೂ ಇವನ ಕಡೆ ನೋಡಿದರು. ಪುಟ್ಟಮಾದಯ್ಯ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಕಾಪಿಯ ಹಬೆ ಎದ್ದಿತು.

"ನಿಧಾನಕ್ಕೆ ಬುಡ್ಲಾ," ಎಂದಳು ದೊಡ್ಡಬಸಮ್ಮ.

"ನಿಧಾನ ಬ್ಯಾಡ ಅಕ್ಕ. ಅವಳಿಗೆ ಸರ್ರಂತ ಓಗ್ಬೇಕು."

ತಲೆಯ ಕಡೆ ಕೂತು ಫ್ಲಾಸ್ಕನ್ನು ಬಗ್ಗಿಸಿದ. ಕೈ ಅಲ್ಲಾಡಬಾರದೆಂದು ರೂಢಿಯಂತೆ ಉಸಿರು ಹಿಡಿದಿದ್ದ. ಕಾಪಿ ಹರಡಿ ಎಲ್ಲಿ ನಿಲ್ಲುತ್ತದೆ ಎಂದು ಅವನ ಕಣ್ಣು ತನ್ನಷ್ಟಕ್ಕೆ ಗೆರೆ ಹುಡುಕಿತು. ಗೆರೆ ಇರಲಿಲ್ಲ, ಕಾಪಿ ಹರಡಲೂ ಇಲ್ಲ. ಹೊಸ ಮಣ್ಣು ಸುರಿದದ್ದನ್ನು ಸುರಿದ ಹಾಗೆ, ಒಂದು ಗುಕ್ಕಿನ ಹಿಂದೆ ಇನ್ನೊಂದು ಗುಕ್ಕು, ಎಲ್ಲೂ ನಿಲ್ಲಿಸದೆ ಒಳಗೆ ಎಳೆದುಕೊಂಡಿತು. ಕೆಮ್ಮು ಕೇಳಿಸುತ್ತದೇನೋ ಎನ್ನುವಂತೆ ಅವನು ಬಗ್ಗಿದ. ಫ್ಲಾಸ್ಕು ಬರಿದಾದ ಮೇಲೂ ಬಗ್ಗಿಸಿಯೇ ಹಿಡಿದಿದ್ದ. ಹಿಡಿದ ಉಸಿರನ್ನು ಬಿಡಬೇಕು ಎನ್ನುವುದು ಅವನಿಗೆ ನೆನಪಾಗಲು, ಕುಸುಮ ಬಂದು ಬೆನ್ನ ಮೇಲೆ ಕೈ ಇಡಬೇಕಾಯಿತು.